ದರ್ಜಿಯ ಕೈಗೆ ಸಿಕ್ಕ ದಾಸವಾಳ

ಮಾರ್ಚ್ ೩, ಸೋಮವಾರ

ಮಗಳೇ,

ಏನೆಂದು ಕರೆದು ಬರೆಯಬೇಕು ಎನ್ನುವುದರಲ್ಲೇ ಮೂರು ಹಾಳೆ ಹರಿದು ಹಾಕಿದೆ. ನೀನೂ ನನ್ನ ಮಗನೂ ಸಹಿ ಹಾಕಿದ ವಿಚ್ಛೇದನದ ಕಾಗದದ ಪ್ರಕಾರ ನೀನು ಈಗ ನನ್ನ ಸೊಸೆಯಲ್ಲ, ನಾನು ನಿನ್ನ ಮಾವನಲ್ಲ. ಆದರೆ ನಲವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತವನಿಗೆ ಒಂದು ಅಭ್ಯಾಸ ಉಂಟು. ಹಳೆಯ ಗಿರಾಕಿ ಬಂದರೆ ಅವನು ಎಷ್ಟೇ ದಪ್ಪಗಾಗಿರಲಿ, ಮೊದಲು ಹಳೆಯ ಅಳತೆ ಪುಸ್ತಕವನ್ನೇ ತೆಗೆದು ನೋಡುವುದು. ನನ್ನ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ಮಗಳು ಎಂದಿದೆ, ಹಾಗೇ ಬರೆದಿದ್ದೇನೆ. ಬೇಡವೆನಿಸಿದರೆ ಅದೊಂದು ಮಾತನ್ನು ಹೊಡೆದುಹಾಕಿ ಮುಂದೆ ಓದು.

ಎರಡು ವರ್ಷ ಒಂದು ಗೆರೆಯನ್ನೂ ಬರೆಯದೆ ಇದ್ದುಬಿಟ್ಟೆ, ತಪ್ಪಾಯಿತು. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅಂಗಡಿ ಮುಚ್ಚಿ ಒಂದೂವರೆ ವರ್ಷವಾಯಿತು, ಮಿಷನ್ನು ಈಗ ನಮ್ಮ ಮಲಗುವ ಕೋಣೆಯ ಕಿಟಕಿ ಪಕ್ಕದಲ್ಲಿ ಇದೆ. ಯಾರಾದರೂ ಹಳಬರು ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡಿ ಎಂದು ಬಂದರೆ ಅದೇ ನನಗೆ ಸಂಭ್ರಮ. ನಿನ್ನ ಅತ್ತೆಗೆ ಮೊಣಕಾಲು ನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಮಗನಿಗೆ ಬೇರೆ ಊರಿಗೆ ವರ್ಗವಾಗಿದೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಅವನ ಸುದ್ದಿ ನಿನಗೆ ಇಷ್ಟು ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ದಾಸವಾಳ. ನೀನು ಹೊರಟ ದಿನ ಗಾಡಿಯಲ್ಲಿ ಜಾಗ ಸಾಲದೆ ಕುಂಡ ತಾರಸಿಯ ಮೇಲೆಯೇ ಉಳಿಯಿತಲ್ಲ, ಅದು ಇನ್ನೂ ಇದೆ. ನೀನಿದ್ದಾಗ ಅದು ಅಂಗೈ ಅಗಲದ ಕೇಸರಿ ಹೂ ಬಿಡುತ್ತಿತ್ತು, ನಡುವೆ ಕಡುಕೆಂಪು. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತಿತ್ತು, ಮಾರನೆಯ ದಿನ ಇನ್ನೊಂದು. ನೀನು ಹೋದ ಮೇಲೆ ಒಂದೇ ಒಂದು ಹೂ ಬಿಟ್ಟಿಲ್ಲ. ರೋಗವೇನೂ ಕಾಣಿಸುವುದಿಲ್ಲ. ಹಚ್ಚಗೆ, ಗುಂಡಗೆ, ನೋಡಿದವರು ಹೊಗಳುವ ಹಾಗಿದೆ.

ಹೋದ ವಾರ ನಿನ್ನ ಅತ್ತೆ ಮೆಟ್ಟಿಲ ಮೇಲೆ ನಿಂತು, "ಬಂಜೆ ಗಿಡ ರೀ ಅದು. ಕಿತ್ತು ಬಿಸಾಕಿ, ಆ ಕುಂಡದಲ್ಲಿ ಪುದೀನ ಹಾಕೋಣ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಆ ಮಾತನ್ನ ಈ ಮನೇಲಿ ಒಬ್ಬಳಿಗೆ ಆಡಿದ್ದು ಸಾಕು, ಗಿಡಕ್ಕೂ ಆಡಬೇಡ" ಎಂದೆ. ಆರು ವರ್ಷದ ಸಂಸಾರದಲ್ಲಿ ಮಕ್ಕಳಾಗಲಿಲ್ಲವೆಂದು ನಿನ್ನ ತಲೆಯ ಮೇಲೆ ಏನೇನು ಮಾತು ಬಿತ್ತು ಎನ್ನುವುದನ್ನು ನಿನಗೆ ನೆನಪಿಸಬೇಕಾಗಿಲ್ಲ. ಅವಳು, "ಆಯ್ತು, ಆಗಸ್ಟ್ ಮುಗಿಯೋವರೆಗೆ ಟೈಮು ಕೊಟ್ಟಿದೀನಿ. ಆಮೇಲೆ ನಾನೇ ಕೀಳ್ತೀನಿ" ಎಂದು ಇಳಿದು ಹೋದಳು.

ಆದ್ದರಿಂದ ಕೇಳುತ್ತಿದ್ದೇನೆ. ಇದಕ್ಕೆ ಹೂ ಬಿಡಿಸುವುದು ಹೇಗೆ ಹೇಳಿಕೊಡು. ಗಿಡ ನಿನ್ನದು. ಒಂದು ಹೂ ಬಿಟ್ಟಿತು ಎಂದರೆ ನಾನೇ ಹೊತ್ತು ತಂದು ನಿನಗೆ ಒಪ್ಪಿಸುತ್ತೇನೆ. ಬರಿಗೈಯಲ್ಲಿ ನಿನ್ನ ಮುಂದೆ ಬಂದು ನಿಲ್ಲುವಷ್ಟು ಮುಖ ನನಗೆ ಉಳಿದಿಲ್ಲ. ಬರಬಹುದೋ ಬಾರದೋ ಎಂದು ಈಗಲೇ ಹೇಳಬೇಡ, ಮೊದಲು ಹೂ ಬಿಡಲಿ.

ಚೆನ್ನಾಗಿರು.

ಹಳೆಯ ಪುಸ್ತಕದ ಪ್ರಕಾರ ನಿನ್ನ
ಮಾವ

ನಿನ್ನ ಮನೆಯ ವಿಳಾಸ ಯಾರೂ ಕೊಡಲಿಲ್ಲ. ನೀನು ಕೆಲಸ ಮಾಡುವ ಔಷಧಿ ಅಂಗಡಿಯ ಹೆಸರು ಗೊತ್ತಿತ್ತು, ಅಲ್ಲಿಗೇ ಹಾಕಿದ್ದೇನೆ.


ಏಪ್ರಿಲ್ ೯, ಬುಧವಾರ

ಮಗಳೇ,

ನಿನ್ನ ಕಾರ್ಡು ಬಂತು. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ, ಕೆಳಗೆ ಸಹಿಯೂ ಇಲ್ಲ. ಒಂದರಿಂದ ಆರರವರೆಗೆ ಅಂಕಿ ಹಾಕಿ, "ಬೆಳಿಗ್ಗೆ ಒಂದು ಚೊಂಬು, ಮಣ್ಣು ಒಣಗಿದ್ದರೆ ಮಾತ್ರ" ಎಂದು ಮಾತ್ರೆ ಪೊಟ್ಟಣದ ಮೇಲೆ ಬರೆಯುವ ಹಾಗೆ ಬರೆದಿದ್ದೀಯೆ. ಊಟಕ್ಕೆ ಮುಂಚೆಯೋ ಆಮೇಲೆಯೋ ಎನ್ನುವುದೊಂದು ಬಾಕಿ! ಆದರೂ ನಿನ್ನ ಅಕ್ಷರ ಕಂಡು ನನಗೆ ಆದ ಖುಷಿ ಹೇಳಿ ಮುಗಿಯುವುದಲ್ಲ. ಕಾರ್ಡನ್ನು ಮಿಷನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಜವಾಬು ಬರೆಯಲು ತಿಂಗಳು ತಡವಾದದ್ದು, ನೀನು ಹೇಳಿದ್ದನ್ನೆಲ್ಲ ಮಾಡಿಯೇ ಬರೆಯೋಣ ಎಂದು.

ಮೊದಲನೆಯದು ಬಿಸಿಲು. ದಿನಕ್ಕೆ ಆರು ತಾಸು ನೇರ ಬಿಸಿಲು ಬೀಳಬೇಕು ಎಂದೆ. ನಾನು ಗಡಿಯಾರ ಹಿಡಿದು ಕೂತು ನೋಡಿದೆ. ನೀರಿನ ಟ್ಯಾಂಕಿನ ನೆರಳಿನಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಎರಡೂಕಾಲು ತಾಸು. ಕುಂಡವನ್ನು ಎಳೆದು ಪೂರ್ವದ ಮೂಲೆಗೆ ತರುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ನಿನ್ನ ಅತ್ತೆ ಎಣ್ಣೆ ತಿಕ್ಕುತ್ತಾ, "ನಿಮಗೂ ಆರು ತಾಸು ಬಿಸಿಲು ಬೇಕಂತೆ, ಅಲ್ಲೇ ಕೂತ್ಕೊಳ್ಳಿ" ಎಂದಳು.

ನೀರಿನದು ನನ್ನದೇ ತಪ್ಪು. ನಾನು ಹೊತ್ತು ಗೊತ್ತಿಲ್ಲದೆ ಸುರಿಯುತ್ತಿದ್ದೆ, ಪ್ರೀತಿ ಹೆಚ್ಚಾಗಿ. ಈಗ ಬೆರಳನ್ನು ಮಣ್ಣಿನೊಳಗೆ ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕುತ್ತೇನೆ. ಕುಂಡದ ತಳದ ತೂತು ಮುಚ್ಚಿಹೋಗಿದೆಯೇ ನೋಡಿ ಎಂದಿದ್ದೆಯಲ್ಲ, ಮುಚ್ಚಿಹೋಗಿತ್ತು. ದಬ್ಬಳ ಹಾಕಿ ಚುಚ್ಚಿದೆ. ಒಳಗಿನಿಂದ ಇಳಿದ ನೀರಿನ ವಾಸನೆ ಹೇಳಲು ಬೇಡ. ಅದಕ್ಕೇ ಗಿಡವನ್ನು ನಾಲ್ಕು ಬೆರಳು ದೊಡ್ಡ ಕುಂಡಕ್ಕೆ ಬದಲಾಯಿಸಿದೆ. ಮಣ್ಣಿನ ಜೊತೆಗೆ ಮರಳೂ ಹಳೆಯ ಗೊಬ್ಬರವೂ ನೀನು ಹೇಳಿದ ಲೆಕ್ಕದಲ್ಲೇ.

ಎಲೆಯ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಇದೆಯೇ ಎಂದು ಕೇಳಿದ್ದೆ. ಇತ್ತು, ನಾನು ಅದನ್ನು ಕೋಟಿನ ಒಳಗೆ ಹಾಕುವ ಹತ್ತಿ ಗಾಳಿಗೆ ಹಾರಿ ಅಂಟಿಕೊಂಡಿದೆ ಎಂದು ತಿಳಿದುಕೊಂಡಿದ್ದೆ! ಅದು ಹುಳ ಎಂದು ಕಾರ್ಡು ಓದಿದ ಮೇಲೆ ಗೊತ್ತಾಯಿತು. ಸೋಪು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಗೆಣ್ಣು ಒರೆಸಿದೆ. ಬಾಳೆಹಣ್ಣಿನ ಸಿಪ್ಪೆಯನ್ನು ಕತ್ತರಿಸಿ ಮಣ್ಣಿನಲ್ಲಿ ಹೂಳುವುದಕ್ಕೆ ನಾನು ದಿನಕ್ಕೆರಡು ಹಣ್ಣು ತಿನ್ನಬೇಕಾಗಿದೆ. ಹೀಗೇ ಆದರೆ ಗಿಡಕ್ಕಿಂತ ಮೊದಲು ನಾನೇ ದುಂಡಗಾಗುತ್ತೇನೆ.

ಇಷ್ಟೆಲ್ಲ ಮಾಡಿಯೂ ಒಂದು ಮೊಗ್ಗು ಕಾಣಲಿಲ್ಲ. ಹಸಿರೇನೋ ಹೊಳೆಯುತ್ತಿದೆ, ಆಕಾರವಂತೂ ಚೆಂಡಿನಷ್ಟು ಸರಿಯಾಗಿದೆ. ಆಗಸ್ಟ್ ಮುಗಿಯಲು ಇನ್ನು ಐದು ತಿಂಗಳೂ ಇಲ್ಲ. ಇನ್ನೇನು ಮಾಡಲಿ?

ಒಳ್ಳೆಯದಾಗಲಿ ನಿನಗೆ.

ಮಾವ

ಕಾರ್ಡಿನಲ್ಲಿ ಅಷ್ಟೊಂದು ಜಾಗ ಖಾಲಿ ಬಿಟ್ಟಿದ್ದೀಯೆ. ಸರ್ಕಾರದವರು ಅಷ್ಟಕ್ಕೂ ದುಡ್ಡು ತೆಗೆದುಕೊಂಡಿರುತ್ತಾರೆ, ಸುಮ್ಮನೆ ಹೇಳಿದೆ.


ಜೂನ್ ೧೫, ಭಾನುವಾರ

ಮಗಳೇ,

ನಗಬೇಡ. ನಕ್ಕಿದ್ದೀಯೆ, ನನಗೆ ಗೊತ್ತು.

ನಿನ್ನ ಎರಡನೆಯ ಕಾರ್ಡಿನಲ್ಲಿ ಒಂದೇ ಒಂದು ಸಾಲಿತ್ತು: "ಕತ್ತರಿ ಯಾರ ಕೈಯಲ್ಲಿದೆ?" ಇದೇನು ಪ್ರಶ್ನೆ ಎಂದು, "ನನ್ನ ಕೈಯಲ್ಲೇ, ದರ್ಜಿಯ ಮನೆಯಲ್ಲಿ ಮತ್ಯಾರ ಕೈಯಲ್ಲಿರಬೇಕು?" ಎಂದು ನಾನೂ ಜಂಬದಿಂದ ಒಂದು ಕಾರ್ಡು ಹಾಕಿದೆ. ಅದಕ್ಕೆ ಬಂತು ನೋಡು ನಿನ್ನ ಉತ್ತರ, "ದಾಸವಾಳ ಹೂ ಬಿಡುವುದೇ ಹೊಸ ಚಿಗುರಿನ ತುದಿಯ ಹತ್ತಿರ. ನೀವು ಎರಡು ವರ್ಷದಿಂದ ಮೊಗ್ಗು ಬರುವ ಜಾಗವನ್ನೇ ಕತ್ತರಿಸುತ್ತಿದ್ದೀರಿ."

ನಿಜ ಹೇಳಬೇಕೆಂದರೆ ಪ್ರತಿ ಸಂಜೆ ನಾನು ದಾರ ಕತ್ತರಿಸುವ ಆ ಪುಟ್ಟ ಕತ್ತರಿಯನ್ನು ಜೇಬಿನಲ್ಲಿ ಹಾಕಿಕೊಂಡೇ ತಾರಸಿಗೆ ಹೋಗುತ್ತಿದ್ದೆ. ಗಿಡದಲ್ಲಿ ಒಂದು ಚಿಗುರು ಉಳಿದವಕ್ಕಿಂತ ಅರ್ಧ ಇಂಚು ಹೊರಗೆ ಬಂದಿದ್ದರೆ ಸಾಕು, ಹೊಲಿದ ಅಂಗಿಯಲ್ಲಿ ದಾರದ ತುದಿ ನೇತಾಡಿದ ಹಾಗೆ ಕಾಣುತ್ತಿತ್ತು, ಕಚಕ್ ಎಂದು ಕತ್ತರಿಸಿಬಿಡುತ್ತಿದ್ದೆ. ನಲವತ್ತು ವರ್ಷ ದಾರದ ತುದಿ ಕತ್ತರಿಸಿದ ಕೈ ಅದು. ಬಟ್ಟೆ ಗಿರಾಕಿಯ ಕೈಗೆ ಹೋಗುವ ಮುಂಚೆ ಎಲ್ಲ ನೀಟಾಗಿರಬೇಕು, ಒಳಗೆ ಏನಿದ್ದರೂ ಹೊರಗೆ ಕಾಣಬಾರದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಚೆಂಡಿನ ಹಾಗೆ ಗುಂಡಗಿದೆ ಎಂದು ನಾನು ನಿನಗೇ ಬರೆದು ಹೆಮ್ಮೆ ಕೊಚ್ಚಿಕೊಂಡಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕಿತ್ತು ನನಗೆ.

ಕಾರ್ಡನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಆಮೇಲೆ ಎದ್ದು ಮನೆಯಲ್ಲಿದ್ದ ನಾಲ್ಕೂ ಕತ್ತರಿಗಳನ್ನು ಎತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಗಿರಾಕಿ ಬಂದರೆ ನಾನು ಅವಳನ್ನು ಕೇಳಿ ಕತ್ತರಿ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ನೀನು ಮೂರು ತಿಂಗಳು ಮುಟ್ಟಬೇಡಿ ಎಂದೆ, ಅವಳು ಅದನ್ನು ಜೈಲು ಶಿಕ್ಷೆಯ ಹಾಗೆ ಜಾರಿ ಮಾಡಿದ್ದಾಳೆ.

ಗಿಡ ಈಗ ನೋಡಲು ಆಗುವುದಿಲ್ಲ. ಒಂದು ಕೊಂಬೆ ಪೂರ್ವಕ್ಕೆ, ಒಂದು ಗೋಡೆ ಆಚೆಗೆ, ಇನ್ನೊಂದು ಬಟ್ಟೆ ಒಣಹಾಕುವ ತಂತಿಯ ಮೇಲೆ. ತಲೆ ಬಾಚದೆ ಎದ್ದು ಬಂದವರ ಹಾಗಿದೆ. ಮೊದಲ ವಾರ ನಾನು ಕೈ ಕಟ್ಟಿಕೊಂಡೇ ಅದರ ಮುಂದೆ ನಿಲ್ಲುತ್ತಿದ್ದೆ.

ಹತ್ತು ದಿನದ ಹಿಂದೆ ನಿನ್ನ ಅತ್ತೆ ತಾರಸಿಯಿಂದ, "ರೀ! ಬೇಗ ಬನ್ನಿ!" ಎಂದು ಕೂಗಿದಳು. ಬಿದ್ದಳೇನೋ ಎಂದು ನಾನು ಚಪ್ಪಲಿಯಿಲ್ಲದೆ ಓಡಿದೆ. ಅವಳು ತಂತಿಯ ಮೇಲಿನ ಕೊಂಬೆಗೆ ಬೆರಳು ತೋರಿಸಿಕೊಂಡು ನಿಂತಿದ್ದಳು. ಗೋಧಿ ಕಾಳಿನಷ್ಟು ದೊಡ್ಡ ಮೊಗ್ಗು. ಮೊಣಕಾಲು ನೋವಿನವಳು ದಿನಾ ಮೂವತ್ತೆರಡು ಮೆಟ್ಟಿಲು ಹತ್ತಿ ನನಗೆ ಗೊತ್ತಾಗದ ಹಾಗೆ ನೋಡಿ ಬರುತ್ತಿದ್ದಳು ಎನ್ನುವುದು ಆಗ ಬಯಲಾಯಿತು.

ಆ ಮೊಗ್ಗು ಹಳದಿಯಾಗಿ ಉದುರಿತು. ಅದರ ಹಿಂದೆ ಇನ್ನೂ ಎರಡು. ನಾನು ಕೇಳುವ ಮೊದಲೇ, ಇದನ್ನು ಊಹಿಸಿದವಳ ಹಾಗೆ ನೀನು ಹಾಕಿದ ಕಾರ್ಡು ಬಂತು. ಮೊಗ್ಗು ಕಟ್ಟುವ ಕಾಲದಲ್ಲಿ ಒಂದು ದಿನ ನೀರು, ಮೂರು ದಿನ ಉಪವಾಸ ಮಾಡಿಸಬೇಡಿ, ಉದುರಿದ ಮೊಗ್ಗಿನೊಳಗೆ ಹುಳವಿರುತ್ತದೆ, ಕುಂಡದಲ್ಲಿ ಬಿಡದೆ ಆರಿಸಿ ಎಸೆಯಿರಿ, ಧೈರ್ಯಗೆಡಬೇಡಿ. ಅಷ್ಟಾದ ಮೇಲೆ ಏಳನೆಯ ಅಂಕಿ ಹಾಕಿ, "ಅತ್ತೆಯ ಮೊಣಕಾಲು ಹೇಗಿದೆ?" ಎಂದು ಬರೆದಿದ್ದೆ. ಅವಳು ಆ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ಓದಿ ತನ್ನ ಕನ್ನಡಕದ ಡಬ್ಬಿಯಲ್ಲಿ ಮಡಚಿ ಇಟ್ಟುಕೊಂಡಳು. "ಪರವಾಗಿಲ್ಲ ಅಂತ ಬರೀರಿ" ಎಂದಳು. ಪರವಾಗಿಲ್ಲವಂತೆ.

ಕಡ್ಡಿ ನೆಡುವುದನ್ನೂ ನೀನು ಹೇಳಿದಂತೆಯೇ ಮಾಡಿದ್ದೇನೆ. ಪೆನ್ಸಿಲ್ಲಿನಷ್ಟು ದಪ್ಪ, ಒಂದು ಗೇಣು ಉದ್ದ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದನ್ನು ತೆಗೆದು, ಒದ್ದೆ ಮರಳಿನಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ಕಿನ ಚೀಲ ಕವುಚಿದ್ದೇನೆ. ಅದಕ್ಕೊಂದು ದಿನ ಕತ್ತರಿಗೆ ಜಾಮೀನು ಸಿಕ್ಕಿತು. ಮೂರು ಕಡ್ಡಿ. ಆರು ವಾರ ಎಳೆದು ನೋಡಬಾರದು ಎಂದಿದ್ದೀಯೆ, ನೋಡಿಲ್ಲ.

ಇನ್ನೊಂದು ವಿಷಯ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ. ನಿನ್ನ ಅತ್ತೆ ಮಗನಿಗೆ ಇನ್ನೊಂದು ಸಂಬಂಧ ನೋಡುತ್ತಿದ್ದಾಳೆ. ಹುಡುಗಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಾಳಂತೆ. ಅವನೂ ಹೂಂ ಅಂದಿದ್ದಾನೆ. ನನ್ನನ್ನು ಯಾರೂ ಕೇಳಿಲ್ಲ, ನಾನೂ ಏನೂ ಹೇಳಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದುಕೊಂಡು ಬದುಕಿದ ಮನುಷ್ಯ ನಾನು. ಈಚೆಗೆ ಆ ಬಂಗಾರ ಬಹಳ ಭಾರವಾಗುತ್ತಿದೆ.

ನೂರು ಕಾಲ ಬಾಳು.

ಮಾವ


ಆಗಸ್ಟ್ ೭, ಗುರುವಾರ

ಮಗಳೇ,

ಹೂ ಬಿಟ್ಟಿತು!

ಕ್ಷೇಮ ಕೇಳುವುದು, ತಡವಾದದ್ದಕ್ಕೆ ಕ್ಷಮೆ ಕೇಳುವುದು ಎಲ್ಲ ಆಮೇಲೆ. ಮಗನ ಆ ಸಂಬಂಧ ಮುರಿದುಹೋಯಿತು, ಅದನ್ನೂ ಕಡೆಯಲ್ಲಿ ಬರೆಯುತ್ತೇನೆ. ಮೊದಲು ಹೂವಿನ ಸುದ್ದಿ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಹತ್ತಿ ಹೋದಾಗ ಅರ್ಧ ಬಿಚ್ಚಿತ್ತು. ನಾನು ಸ್ಟೂಲು ಹಾಕಿಕೊಂಡು ಎದುರಿಗೆ ಕೂತೆ. ಎಂಟಕ್ಕೆಲ್ಲ ಪೂರ್ತಿ ಅರಳಿತು. ಅದೇ ಕೇಸರಿ, ನಡುವೆ ಅದೇ ಕಡುಕೆಂಪು. ಅಳತೆ ಟೇಪು ಕೊರಳಲ್ಲೇ ಇತ್ತು, ಹಿಡಿದು ನೋಡಿದೆ: ಆರೂಕಾಲು ಇಂಚು. ನೀನಿದ್ದಾಗ ಯಾವತ್ತೂ ಆರು ದಾಟಿರಲಿಲ್ಲ, ಹೊಟ್ಟೆಕಿಚ್ಚು ಪಡಬೇಡ. ಕೆಳಗೆ ಹೋಗಿ ನಿನ್ನ ಅತ್ತೆಗೆ ಹೇಳಿದರೆ, "ಗೊತ್ತು, ಆರು ಗಂಟೆಗೇ ನೋಡಿ ಬಂದೆ" ಎಂದಳು. ಇವಳ ಜೊತೆ ಓಡಿ ಗೆಲ್ಲುವುದಕ್ಕಾಗುವುದಿಲ್ಲ.

ಸಂಜೆ ಹೂ ಸುರುಳಿ ಸುತ್ತಿಕೊಂಡು ಬಿತ್ತು. ನನಗೆ ಬೇಜಾರಾಗಲಿಲ್ಲ. ಪಕ್ಕದ ಕೊಂಬೆಗಳಲ್ಲಿ ಇನ್ನೂ ಹದಿನಾಲ್ಕು ಮೊಗ್ಗಿವೆ, ದಿನಾ ಎಣಿಸುತ್ತಿದ್ದೇವೆ. ಕಡ್ಡಿಗಳಲ್ಲಿ ಎರಡು ಕೊಳೆತವು, ಒಂದು ಬೇರು ಬಿಟ್ಟು ಮೂರು ಎಲೆ ಹಾಕಿದೆ. ಅದು ಈ ಮನೆಗೆ, ದೊಡ್ಡದು ನಿನಗೆ ಎಂದು ತೀರ್ಮಾನವಾಗಿದೆ.

ಈ ಭಾನುವಾರ ಬೇಡ, ಮುಂದಿನ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಹೊರಡೋಣ ಎಂದಿದ್ದೇನೆ. ಕುಂಡಕ್ಕೆ ಹಳೆಯ ಕೋಟಿನ ಬಟ್ಟೆಯಲ್ಲಿ ಒಂದು ಚೀಲ ಹೊಲಿದಿದ್ದೇನೆ, ಎರಡು ಕಡೆ ಹಿಡಿ, ಬುಡ ಅಲುಗಾಡದ ಹಾಗೆ ನಡುವೆ ಲಾಡಿ. ತಂದ ಮೇಲೆ ಒಂದು ವಾರ ಅರೆನೆರಳಿನಲ್ಲಿ ಇಟ್ಟು ಆಮೇಲೆ ಬಿಸಿಲಿಗೆ ಇಡು. ಜಾಗ ಬದಲಾದ ಸಿಟ್ಟಿಗೆ ಒಂದಷ್ಟು ಎಲೆ ಉದುರಿಸಬಹುದು. ನಿನಗೇ ನಾನು ಪಾಠ ಹೇಳುವ ಹಾಗಾಯಿತು ನೋಡು, ಅಧಿಕಪ್ರಸಂಗ!

ನಿನ್ನ ಮೈಗೂ ಮನಸ್ಸಿಗೂ ಆರೋಗ್ಯವಿರಲಿ. ನಿನ್ನ ಕೈ ಮುಟ್ಟಿದ್ದೆಲ್ಲ ಚಿಗುರಲಿ.

ಮಾವ

ಮೇಲೆ ಬರೆಯಲಾಗದೆ ಉಳಿದದ್ದು. ಮರೆತದ್ದಲ್ಲ. ಐದು ತಿಂಗಳಿಂದ ಪ್ರತಿ ಕಾಗದದ ಕೊನೆಗೂ ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಅಂಟು ಹಚ್ಚುತ್ತಿದ್ದೆ.

ನೀನು ಮನೆ ಬಿಡುವ ಹಿಂದಿನ ದಿನ ನಡುಮನೆಯಲ್ಲಿ ಎಲ್ಲರ ಮುಂದೆ ಕೇಳಿದೆ: "ನನ್ನಲ್ಲಿ ದೋಷ ಇಲ್ಲ ಅಂತ ಡಾಕ್ಟ್ರು ಬರೆದುಕೊಟ್ಟಿದಾರೆ. ಇವರು ಯಾಕೆ ಪರೀಕ್ಷೆ ಮಾಡಿಸ್ಕೊಳ್ಳಲ್ಲ?" ಅವನು, "ನಾನೂ ಮಾಡಿಸಿದೀನಿ, ನಂದೇನೂ ತೊಂದರೆ ಇಲ್ಲ" ಎಂದ. ನೀನು ನನ್ನ ಕಡೆ ತಿರುಗಿ, "ಮಾವ, ನೀವಾದ್ರೂ ಒಂದು ಮಾತು ಹೇಳಿ" ಎಂದೆ. ನಾನು ಗಿಡಕ್ಕೆ ನೀರು ಹಾಕಬೇಕು ಎಂದು ತಾರಸಿಗೆ ಹೋದೆ. ಮಾವನಿಗೆ ಮಗನೆದುರು ಬಾಯಿಲ್ಲ, ಪಾಪ ಏನೂ ತಿಳಿಯದವನು ಎಂದು ನೀನು ಅಂದುಕೊಂಡಿರಬೇಕು. ಹಾಗಿದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಅದಕ್ಕೆ ಹತ್ತು ದಿನ ಮೊದಲು ಅವನು ಪ್ಯಾಂಟಿನ ಸೊಂಟ ಸಡಿಲ ಮಾಡಿಕೊಡಿ ಎಂದು ಕೊಟ್ಟಿದ್ದ. ಹಳೆಯ ಹೊಲಿಗೆ ಬಿಚ್ಚುವ ಮುಂಚೆ ನಾವು ಜೇಬು ತಿರುವಿ ನೋಡುತ್ತೇವೆ. ಅವನ ಪರೀಕ್ಷೆಯ ವರದಿ ಅಲ್ಲಿತ್ತು. ಓದಿದೆ. ಕೊರತೆ ಅವನಲ್ಲಿತ್ತು. ಮಡಚಿ ಅದೇ ಜೇಬಿಗೆ ಹಾಕಿ, ಇಸ್ತ್ರಿ ಮಾಡಿ, ಏನೂ ಗೊತ್ತಿಲ್ಲದವನ ಹಾಗೆ ಅವನ ಕೈಗೆ ಕೊಟ್ಟೆ. ನೀನು ನನ್ನನ್ನು ಕೇಳಿದಾಗ ನನಗೆ ಗೊತ್ತಿತ್ತು ಮಗಳೇ. ಮೆಟ್ಟಿಲು ಹತ್ತುವಾಗಲೂ ಗೊತ್ತಿತ್ತು.

ಕಳೆದ ಶನಿವಾರ ಆ ಹುಡುಗಿಯ ತಾಯಿ ನಮ್ಮ ನಡುಮನೆಗೆ ಬಂದು ಕೂತಿದ್ದರು. ನಿನ್ನ ಅತ್ತೆ, "ಮೊದಲನೆಯವಳಲ್ಲೇ ದೋಷ ಇತ್ತು" ಎಂದು ಶುರು ಮಾಡಿದಳು. ಮಗ ತಲೆ ತಗ್ಗಿಸಿದ. ಈ ಸಲ ನನಗೆ ಎದ್ದು ಹೋಗುವುದಕ್ಕೆ ಆಗಲಿಲ್ಲ. "ಅವಳಲ್ಲಿ ಏನೂ ದೋಷ ಇರಲಿಲ್ಲ, ದೋಷ ಇವನಲ್ಲಿದೆ, ಆ ಕಾಗದ ನಾನೇ ಓದಿದೀನಿ" ಎಂದೆ. ಹುಡುಗಿಯ ತಾಯಿ ಎದ್ದು ನನಗೆ ಕೈ ಮುಗಿದು ಹೋದರು. ಮಗ ಆ ಸಂಜೆಯ ಬಸ್ಸಿಗೇ ತನ್ನ ಕೆಲಸದ ಊರಿಗೆ ಹೊರಟುಹೋದ. ನಿನ್ನ ಅತ್ತೆ ಮಾತ್ರ ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ? ಇಷ್ಟು ದಿನ ನನ್ನ ಬಾಯಲ್ಲಿ ಆ ಮಾತು ಆಡಿಸಿದ್ರಾ?" ಎಂದು ಕೇಳಿದಳು. ನಿನ್ನೆ ಸಂಜೆ, "ನಾನೂ ಬರ್ತೀನಿ. ಬೈಸಿಕೊಳ್ಳೋಕೆ ಇಬ್ಬರಿದ್ರೆ ಒಳ್ಳೇದು" ಎಂದಳು.

ಗಿಡ ಕೊಟ್ಟು, ನೀನು ಕೊಟ್ಟ ಚಹಾ ಕುಡಿದು, ನಿನ್ನ ನಗು ನೋಡಿದ ಮೇಲೆ ನಿಧಾನವಾಗಿ ಹೇಳಬಹುದಿತ್ತು. ಆದರೆ ಎದುರಿಗೆ ಕೂತ ಮುದುಕರನ್ನು ಎದ್ದು ಹೋಗಿ ಎನ್ನುವುದು ನಿನ್ನ ಕೈಲಿ ಆಗುವುದಿಲ್ಲ, ಆ ಸ್ವಭಾವ ನನಗೆ ಗೊತ್ತು. ಅದಕ್ಕೇ ಮೊದಲೇ ಬರೆದಿದ್ದೇನೆ. ಬರಬೇಡಿ ಎಂದು ಒಂದು ಸಾಲಿನ ಕಾರ್ಡು ಹಾಕಿದರೂ ಸಾಕು, ಗಿಡವನ್ನು ಬಸ್ಸಿನವರ ಕೈಲಿ ಜೋಪಾನವಾಗಿ ಕಳಿಸುತ್ತೇನೆ.